ನಿಜಗುಣನ ಭೀತಿ ಇಲಾಖೆ

"ಈ ವರ್ಷ ಹ್ಯಾಲೊವೀನ್ ಊಟ ನಮ್ಮ ಮನ್ಯಾಗ! ಮಾಡಾಂವ ನಾನು! ಉಂಡವರು ಮೂರು ದಿನ ಲೈಟ್ ಹಚ್ಚಿಕೊಂಡು ಮಲಗಬೇಕು, ಅಂಥಾದ್ದ ಮಾಡ್ತೀನಿ!"

ನಿಜಗುಣ ಹೀಗೆ ಶಪಥ ಮಾಡಿದ್ದು 2003ರ ಅಕ್ಟೋಬರ್ ತಿಂಗಳ ಒಂದು ಭಾನುವಾರ, ಕೆನಡಾದ ಮಿಸ್ಸಿಸಾಗಾದ ತನ್ನ ಟೌನ್‌ಹೌಸಿನಲ್ಲಿ, ಸೋಫಾದ ಮೇಲೆ ನಿಂತುಕೊಂಡು. ಕುಳಿತು ಮಾಡಿದ ಶಪಥಕ್ಕೆ ತೂಕ ಸಾಲದು ಎಂದು ಅವನಿಗೆ ಯಾರು ಹೇಳಿಕೊಟ್ಟಿದ್ದರೋ! ಹೆಂಡತಿ ನೀಲಾಂಬಿಕಾ ಒಗೆದ ಬಟ್ಟೆ ಮಡಚುತ್ತಿದ್ದಳು. ತಲೆ ಎತ್ತಲಿಲ್ಲ.

"ಮದ್ಲ ಸೋಫಾದ ಮ್ಯಾಲಿಂದ ಇಳೀರಿ. ಅದರ ಸ್ಪ್ರಿಂಗ್ ಹೋಗೈತಿ."

"ನಾ ಏನ್ ಹೇಳಾಕತ್ತೀನಿ, ನೀ ಏನ್ ಹೇಳಾಕತ್ತಿ!"

"ಚಹಾ ಮಾಡ್ರಿ ಅಂದ್ರ ಸಕ್ರಿ ಡಬ್ಬಿ ಎಲ್ಲೈತಿ ಅಂತ ಕೇಳಾವ್ರು ನೀವು. ನಿಮ್ಮ ಅಡಗಿ ಅಂದ್ರ ಜನ ಹೆದರೂದು ಖರೇನ ಐತಿ ಬಿಡ್ರಿ," ಎಂದು ಅವಳು ಟವೆಲ್ ಕೊಡವಿದಳು.

ನಿಜಗುಣನ ವೀರಾವೇಶಕ್ಕೆ ಕಾರಣವಿತ್ತು. ಕಾರಣದ ಹೆಸರು ಸಂಜನಾ. ವಯಸ್ಸು ಎಂಟು, ಓದುವುದು ಮೂರನೇ ಗ್ರೇಡು, ಇವರ ಒಬ್ಬಳೇ ಮಗಳು. ಕಳೆದ ಮೂರು ವರ್ಷಗಳಿಂದ ಹ್ಯಾಲೊವೀನ್ ಎಂಬ ದೆವ್ವಗಳ ಹಬ್ಬದ ದಿನ ಅವಳ ಊಟ ಅದೇ ಬೀದಿಯ ಗೆಳತಿ ಮೇಗನ್ ಮನೆಯಲ್ಲಿ. ಮೇಗನ್ ತಾಯಿ ಲಿಂಡಾ ಆ ದಿನ ಊಟದ ಮೇಜನ್ನು ಭೂತಬಂಗಲೆ ಮಾಡಿಬಿಡುತ್ತಿದ್ದಳು. ಕ್ಯಾರೆಟ್ಟಿನ ಮಾಟಗಾತಿ ಬೆರಳು, ಪಾಸ್ತಾದ ಕರುಳು, ಜೆಲ್ಲಿಯ ಕಣ್ಣುಗುಡ್ಡೆ! ಸಂಜನಾಳಿಗೆಂದು ಮಾಂಸವಿಲ್ಲದ ಕರುಳು ಬೇರೆ ಪಾತ್ರೆಯಲ್ಲಿ. ಮಗಳು ಮನೆಗೆ ಬಂದು ಮೂರು ದಿನ ಅದನ್ನೇ ವರ್ಣಿಸುತ್ತಿದ್ದಳು, ಅಪ್ಪ ಅನ್ನ ಸಾರು ಕಲಸುತ್ತ ಕೇಳುತ್ತಿದ್ದ.

ಈ ವರ್ಷ ಅವನು ಸುಮ್ಮನಿರಲಾರದೆ ಕೇಳಿದ್ದ: "ಪುಟ್ಟಿ, ಈ ಸಲ ಮನ್ಯಾಗ ಉಣ್ಣೂಣು?"

ಸಂಜನಾ ಅಪ್ಪನ ಮನಸ್ಸು ನೋಯಬಾರದೆಂದು ಒಂದು ಗಳಿಗೆ ಯೋಚಿಸಿದ್ದಳು. ಆಮೇಲೆ ಹೇಳಿದ್ದಳು: "ಬಟ್ ಅಪ್ಪಾ, ನಮ್ಮ ಮನಿ ಫುಡ್ ಈಸ್ ಜಸ್ಟ್... ಫುಡ್."

ನಿಜಗುಣನಿಗೆ ನೋವಾಯಿತು. ತನ್ನ ಮನೆಯ ಊಟ ಬರೀ ಊಟವಾಗಿಬಿಟ್ಟಿತೇ! ಮಗಳು ವರ್ಷಕ್ಕೊಮ್ಮೆಯಾದರೂ ಗೆಳತಿಯ ಎದುರು ತಲೆಯೆತ್ತಿ 'ನಮ್ಮ ಮನೆಗೆ ಬಾ' ಎನ್ನಬಾರದೇ! ಕೂಡಲೇ ಅಪ್ಪ ಮಗಳ ನಡುವೆ ಒಪ್ಪಂದವಾಯಿತು. ಅವಳೇ ಬರೆದು ಫ್ರಿಜ್ಜಿಗೆ ಅಂಟಿಸಿದಳು. ಅಪ್ಪನ ಊಟ ನಿಜವಾಗಿ ಭಯಂಕರವಾಗಿದ್ದರೆ ಇನ್ನು ಪ್ರತಿ ವರ್ಷ ಮನೆಯಲ್ಲೇ ಊಟ. ಇಲ್ಲದಿದ್ದರೆ ಯೂನಿವರ್ಸಿಟಿಗೆ ಹೋಗುವ ತನಕ ಮೇಗನ್ ಮನೆ. ನ್ಯಾಯಾಧೀಶರು ಮೂವರು: ಸಂಜನಾ, ಮೇಗನ್, ಮತ್ತು ಪಕ್ಕದ ಮನೆಯ ಬೆಂಗಳೂರಿನ ಸತ್ಯಪ್ರಕಾಶರ ಮಗ ಧೀರಜ್.

ನಿಜಗುಣ ಕಾರಿನ ಬಿಡಿಭಾಗಗಳ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್ಸ್‌ಪೆಕ್ಟರು. ಅಳತೆ ತಪ್ಪಿದ ತಿರುಪನ್ನು ಹತ್ತು ಅಡಿ ದೂರದಿಂದ ಗುರುತಿಸಿ ಎತ್ತಿ ಎಸೆಯುವಾತ! ಅವನು ಅಡುಗೆಗೂ ಅದೇ ಶಿಸ್ತು ತಂದ. ಮೊದಲು ಡ್ರಾಯಿಂಗು. 'ಬೆರಳು, ಬಲಗೈ, ತೋರುವುದು: ಉದ್ದ 72 ಮಿಲಿಮೀಟರ್, ಹೆಚ್ಚು ಕಡಿಮೆ 3.' ನೀಲಾಂಬಿಕಾ ಅದನ್ನು ನೋಡಿ, "ಇದನ್ನ ಯಾವನರೆ ಪೊಲೀಸ್ ನೋಡಿದ್ರ ನಮ್ಮನ್ನ ಒಳಗ ಹಾಕ್ತಾನ," ಎಂದು ಕಾಗದವನ್ನು ಮಗುಚಿಟ್ಟಳು.

ಅಡುಗೆ ಬಾರದವನಿಗೆ ಇಷ್ಟು ಧೈರ್ಯ ಎಲ್ಲಿಂದ ಬಂತು? ನವಲಗುಂದದಿಂದ ಬಂದಿತ್ತು. ಅವನ ತಾಯಿ ಚನ್ನಬಸವ್ವ ಆರು ತಿಂಗಳ ವೀಸಾದ ಮೇಲೆ ಬಂದಿದ್ದಳು. ನವೆಂಬರಿನಲ್ಲಿ ಅವಳ ವಾಪಸು ಟಿಕೆಟ್ಟು. ಅಷ್ಟರೊಳಗೆ ನಿಜಗುಣ ಮನೆಯಲ್ಲಿ ಎರಡು ಇಲಾಖೆ ತೆರೆದ. ರುಚಿ ಇಲಾಖೆ ಅವ್ವನದು. ಭೀತಿ ಇಲಾಖೆ ತನ್ನದು. ಅವ್ವ ಬೇಯಿಸಿ, ಹುರಿದು, ಒಗ್ಗರಣೆ ಹಾಕಿ ಕೊಡಬೇಕು. ಇವನು ಅದಕ್ಕೆ ಚಾಕು, ಕತ್ತರಿ, ಟೂತ್‌ಪಿಕ್ಕು ಹಿಡಿದು ಭಯಾನಕ ರೂಪ ಕೊಡಬೇಕು.

"ಎಣ್ಣಗಾಯಿಗೆ ಶೇಂಗಾ ಹಾಕಬ್ಯಾಡವ್ವಾ. ಸಾಲಿಯಿಂದ ಚೀಟಿ ಬಂದೈತಿ, ಇಲ್ಲಿ ಭಾಳ ಮಕ್ಕಳಿಗೆ ಶೇಂಗಾ ಆಗಿಬರೂದಿಲ್ಲಂತ. ಕೊಬ್ಬರಿ ಹಾಕು."

"ಶೇಂಗಾ ಇಲ್ಲದ ಎಣ್ಣಗಾಯಿ ಅಂದ್ರ ತಾಳಿ ಇಲ್ಲದ ಲಗ್ನ!" ಎಂದು ಗೊಣಗಿದರೂ ಚನ್ನಬಸವ್ವ ಕೊಬ್ಬರಿಯನ್ನೇ ಅರೆದಳು. ಆದರೆ ಭೀತಿ ಇಲಾಖೆಯ ಕೆಲಸ ಅವಳಿಗೆ ಹಿಡಿಸಲಿಲ್ಲ. ಮಗ ಗುರೆಳ್ಳು ಚಟ್ನಿಪುಡಿಯನ್ನು ತಟ್ಟೆಯಲ್ಲಿ ಕರಿಮಣ್ಣಿನಂತೆ ಹರಡಿ, ಕಡಲೆಹಿಟ್ಟಿನ ಝುಣಕದ ವಡಿಗಳನ್ನು ಉದ್ದುದ್ದ ಕತ್ತರಿಸಿ ಅದರಲ್ಲಿ ಸಾಲಾಗಿ ನಿಲ್ಲಿಸುವುದನ್ನು ಅವಳು ಬಹಳ ಹೊತ್ತು ನೋಡಿದಳು.

"ಇದೇನಪಾ ಇದು?"

"ಗೋರಿ, ಅವ್ವಾ. ಸುಡಗಾಡು."

"ಉಣ್ಣೂ ತಾಟಿನ್ಯಾಗ ಸುಡಗಾಡು ಕಟ್ಟಾಕತ್ತಿ? ಅದೂ ಹಿಂಗ ಸೊಟ್ಟಗ! ನಮ್ಮವರ ಗದ್ದಗಿ ಚೌಕ ಇರ್ತಾವು. ಕಟ್ಟೂದ ಇದ್ರ ಸರಿಯಾಗಿ ಕಟ್ಟು." ಎರಡು ಹೆಜ್ಜೆ ಹೋದವಳು ತಿರುಗಿ ಬಂದಳು. "ಶಿವಗ ಕಣ್ಣು ಕಿತ್ತು ಕೊಟ್ಟವ್ರ ಕತಿ ಕೇಳೀನಿ. ಬದನೀಕಾಯಿಗೆ ಕಣ್ಣು ಚುಚ್ಚಾವ್ರನ್ನ ಇವತ್ತ ನೋಡಿದೆ."

ಒಂದು ವಾರ ಹೀಗೇ ನಡೆಯಿತು. ದಿನ ಸರಿದಂತೆ ಅಡುಗೆಮನೆಯಲ್ಲಿ ರಿಜೆಕ್ಟ್ ಆದ ಮಾಲು ಬೆಳೆಯಿತು. ಐವತ್ತು ಬೆರಳು ಮಾಡಿದರೆ ಇನ್ಸ್‌ಪೆಕ್ಟರ್ ಸಾಹೇಬರು ಪಾಸು ಮಾಡಿದ್ದು ಒಂಬತ್ತು. ಉಳಿದದ್ದು ಡಬ್ಬಿ ಡಬ್ಬಿ ತುಂಬಿ ಫ್ರಿಜ್ಜಿನಲ್ಲಿ ಕುಳಿತಿತು.

ಅಂತೂ ಅಕ್ಟೋಬರ್ ಮೂವತ್ತೊಂದು ಬಂತು. ಶುಕ್ರವಾರ. ನೀಲಾಂಬಿಕಾ ವೃದ್ಧರ ಆರೈಕೆ ಕೇಂದ್ರದಲ್ಲಿ ಶಿಫ್ಟಲ್ಲಿದ್ದಳು, ಬರುವುದು ಏಳಕ್ಕೆ. ಸಂಜೆ ಐದೂವರೆಗೆ ನಿಜಗುಣನ ಮೇಜು ಸಿದ್ಧ! ಕಪ್ಪು ಬಟ್ಟೆಯ ಮೇಲೆ ನಟ್ಟನಡುವೆ ಹೂಕೋಸಿನ ಮೆದುಳು. ಎಡಕ್ಕೆ ಮೈದಾ ಪಟ್ಟಿ ಸುತ್ತಿದ ಎಣ್ಣೆಗಾಯಿಗಳು, ಅಂದರೆ ಬಟ್ಟೆ ಸುತ್ತಿಕೊಂಡ ಈಜಿಪ್ಟಿನ ಹೆಣಗಳು, ಮೆಣಸುಕಾಳಿನ ಕಣ್ಣು ಬಿಟ್ಟುಕೊಂಡು. ಬಲಕ್ಕೆ ಜೋಳದ ಹಿಟ್ಟಿನ ಬೆರಳು, ತುದಿಗೆ ಒಣಕೊಬ್ಬರಿಯ ಉಗುರು. ಹಿಂದೆ ಸುಡುಗಾಡು. ಮುಂದೆ ಬೀಟ್‌ರೂಟ್ ಸಾರಿನ ರಕ್ತದ ಹೊಳೆ. ನಿಜಗುಣ ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ತನ್ನ ಮೇಜಿಗೆ ತಾನೇ ಸ್ವಲ್ಪ ಹೆದರಿದ. ಲಿಂಡಾ ಸೋತಳು ಎಂದುಕೊಂಡ.

ಯೋಜನೆ ಸರಳವಾಗಿತ್ತು. ಮೊದಲು ಅವನು ಮೂವರು ಮಕ್ಕಳನ್ನು ಮನೆ ಮನೆಗೆ ಕರೆದೊಯ್ದು ಚಾಕಲೇಟು ಸಂಗ್ರಹ ಮಾಡಿಸುವುದು. ಅಷ್ಟರಲ್ಲಿ ಹಸಿವು ಕೆರಳಿರುತ್ತದೆ. ಆಮೇಲೆ ಮನೆಗೆ ಬಂದು ಮೇಜಿನ ದರ್ಶನ! ಅಲ್ಲಿಯ ತನಕ ಮನೆಗೆ ಬರುವ ಮಕ್ಕಳಿಗೆ ಚಾಕಲೇಟು ಹಂಚುವುದು ಅವ್ವನ ಪಾಲಿನ ಕೆಲಸ.

"ಗಂಟಿ ಬಾರಸ್ತಾರ. ಬಾಗಲಾ ತಗಿ. ಚೀಲ ಒಡ್ಡತಾರ. ಒಂದೊಂದ ಹಾಕು. ಬಾಗಲಾ ಹಾಕು. ಇಷ್ಟ," ಎಂದ ನಿಜಗುಣ, ಚಾಕಲೇಟಿನ ಬುಟ್ಟಿಯನ್ನು ಅವಳ ಮಡಿಲಿಗಿಟ್ಟು.

"ಯಾರವ್ರು?"

"ಮಕ್ಕಳವ್ವಾ. ವೇಷಾ ಹಾಕ್ಕೊಂಡು ಮನೀ ಮನೀಗೆ ಬರ್ತಾರ."

"ಹಗಲುವೇಷದವರು ಅನ್ನು!" ಚನ್ನಬಸವ್ವನ ಮುಖ ಅರಳಿತು. ನವಲಗುಂದದಲ್ಲಿ ಸುಗ್ಗಿಯಾದ ಮೇಲೆ ವೇಷಗಾರರು ಬಂದು ಪದ ಹಾಡಿ, ಮಾತು ಹೇಳಿ, ಜೋಳ ಪಡೆದು ಹೋಗುವುದನ್ನು ಅವಳು ಅರವತ್ತು ವರ್ಷ ಕಂಡವಳು. "ಆದ್ರ ಹೊಸ್ತಿಲದಾಗ ನಿಂತು ಕೊಡಬಾರ್ದಲ್ಲೋ. ಅದೂ ಮುಸ್ಸಂಜಿ ಹೊತ್ತಿನ್ಯಾಗ."

ಹೊರಗೆ ಮಕ್ಕಳು ಕುಣಿಯುತ್ತಿದ್ದರು. ಸಂಜನಾ ಮಾಟಗಾತಿ, ಮೇಗನ್ ಕುಂಬಳಕಾಯಿ, ಧೀರಜ್ ರಟ್ಟಿನ ಡಬ್ಬಿಯ ರೋಬೋ. ಮೂವರೂ ವೇಷದ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡಿದ್ದರಿಂದ ಯಾರು ಏನೆಂಬುದು ದೇವರಿಗೇ ಗೊತ್ತು. ನಿಜಗುಣ ಅವಸರದಲ್ಲಿ ಬೂಟು ಏರಿಸುತ್ತ ಒಂದು ಮಾತು ಹೇಳಿಬಿಟ್ಟ.

"ನಿನಗ ಹೆಂಗ ತಿಳೀತೈತಿ ಹಂಗ ಮಾಡವ್ವಾ!"

ಈ ಜಗತ್ತಿನಲ್ಲಿ ಯಾವ ಮಗನೂ ಯಾವ ತಾಯಿಗೂ ಇಷ್ಟು ದೊಡ್ಡ ಅಧಿಕಾರ ಪತ್ರವನ್ನು ಇಷ್ಟು ಹಗುರವಾಗಿ ಬರೆದುಕೊಟ್ಟಿರಲಾರ.

ಮೊದಲ ಅರ್ಧ ಗಂಟೆ ಬೀದಿ ತುಂಬ ಮಕ್ಕಳಿದ್ದರು. ಆಮೇಲೆ ಯಾಕೋ ಕಡಿಮೆಯಾದರು. ಇನ್ನೂ ಸ್ವಲ್ಪ ಹೊತ್ತಿಗೆ ಇವರು ಮೂವರೇ. ಒಂದು ಮನೆಯ ಮುದುಕ ಬಾಗಿಲು ತೆರೆದು ಇವರ ಚೀಲಕ್ಕೆ ಬುಟ್ಟಿಯನ್ನೇ ಸುರಿದ. ಈ ವರ್ಷ ಮಕ್ಕಳೇ ಇಲ್ಲವಲ್ಲ, ಎಲ್ಲಿ ಹೋದವು ಎಂದು ಅವನೇ ಕೇಳಿದ. "ಚಳಿ ಇರಬೇಕು," ಎಂದ ನಿಜಗುಣ ಗಂಭೀರವಾಗಿ.

ತಮ್ಮ ಬೀದಿಯ ತಿರುವಿಗೆ ಬಂದಾಗ ಧೀರಜ್ ನಿಂತ. "ಅಂಕಲ್, ನಿಮ್ಮನೆ ಮುಂದೆ ಯಾಕೆ ಅಷ್ಟೊಂದು ಜನ?"

ನಿಜಗುಣ ನೋಡಿದ. ಅವನ ಮನೆಯ ಮುಂದೆ ತಂದೆ ತಾಯಂದಿರು, ತಳ್ಳುಗಾಡಿಗಳು, ಎರಡು ನಾಯಿ. ಮೆಟ್ಟಿಲ ಮೇಲೆ ಬೂಟು ಚಪ್ಪಲಿಗಳ ಗುಡ್ಡ. ಅದರಲ್ಲಿ ಒಂದು ಜೊತೆ ವಿದೂಷಕನ ಕೆಂಪು ಬೂಟು, ಒಂದು ಜೊತೆ ಕಿನ್ನರಿಯ ರೆಕ್ಕೆ ಬೇರೆ! ಅವನು ಗುಡ್ಡ ದಾಟಿ ಬಾಗಿಲು ನೂಕಿದ.

ಒಳಗೆ ಪಂಕ್ತಿ ಕುಳಿತಿತ್ತು.

ನೆಲಕ್ಕೆ ಬೆಡ್‌ಶೀಟು ಹಾಸಿ ಎರಡು ಸಾಲು. ಎರಡು ಅಸ್ಥಿಪಂಜರ, ಮೂರು ಬೆಕ್ಕು, ಒಬ್ಬ ಕಡಲ್ಗಳ್ಳ, ಒಬ್ಬ ಗಗನಯಾತ್ರಿ, ಒಂದು ಹಸು, ಒಂದು ಜೇನುಹುಳ, ಇನ್ನೂ ಯಾರು ಯಾರೋ, ಒಟ್ಟು ಇಪ್ಪತ್ತೆರಡು. ಎಲ್ಲರೂ ಚಕ್ಕಳಮಕ್ಕಳ ಹಾಕಿ ಕಾಗದದ ತಟ್ಟೆಯಲ್ಲಿ ಕೈಯಿಂದ ಉಣ್ಣುತ್ತಿದ್ದರು. ಎಲ್ಲರ ಹಣೆಯ ಮೇಲೂ ಮೂರು ಗೆರೆ ವಿಭೂತಿ! ತ್ರಿಶೂಲ ಹಿಡಿದ ಕೆಂಪು ಸೈತಾನನೊಬ್ಬನಿಗೆ ಸಾಲಿನ ಮೊದಲಲ್ಲಿ ಮಣೆ ಹಾಕಲಾಗಿತ್ತು. ಹುಡುಗ ಶಿವನ ಸೋಗು ಹಾಕಿ ಬಂದಿದ್ದಾನೆ ಎಂದು ಚನ್ನಬಸವ್ವ ಅವನಿಗೆ ವಿಭೂತಿಯನ್ನು ಎರಡು ಸಲ ಹಚ್ಚಿದ್ದಳು.

ಬಡಿಸುತ್ತಿದ್ದವರು ಯಾರು? ಪಕ್ಕದ ಮನೆಯ ಸತ್ಯಪ್ರಕಾಶ್! ಬ್ಯಾಂಕಿನ ಸಾಫ್ಟ್‌ವೇರ್ ಮ್ಯಾನೇಜರು ಸೊಂಟಕ್ಕೆ ಟವೆಲ್ ಕಟ್ಟಿ, ಸಾರಿನ ಪಾತ್ರೆ ಹಿಡಿದು ಬಗ್ಗಿದ್ದರು.

"ಬನ್ನಿ ಬನ್ನಿ ಸಾರ್! ಕರೆಕ್ಟ್ ಟೈಮಿಗೆ ಬಂದ್ರಿ. ಎರಡನೇ ಪಂಕ್ತಿ ಈಗ ಮುಗೀತಾ ಇದೆ!"

"ಏನಿದು ಸಾರ್?"

"ನಮ್ಮ ಚಿಕ್ಕೋಳು ಜೇನುಹುಳ ಆಗಿದಾಳಲ್ಲ, ಅವಳನ್ನ ಕರ್ಕೊಂಡು ನಾನೇ ಫಸ್ಟ್ ಬಂದಿದ್ದು. ನಿಮ್ಮ ತಾಯಿ ಒಳಗ್ ಬಾ ಅಂದ್ರು, ಬಂದೆ. ಹೊರಗಿದ್ದೋರು, ಇದು ಸೇಫಾ ಅಂತ ಕೇಳಿದ್ರು. ಸೇಫು, ಶೇಂಗಾನೂ ಇಲ್ಲ ಅಂದೆ. ಆಮೇಲೆ ನನ್ನ ಕೈಲಿ ಸೌಟು ಬಂತು. ಹೆಂಗೆ ಬಂತು ಅಂತ ಕೇಳ್ಬೇಡಿ."

ಚನ್ನಬಸವ್ವ ಸೋಫಾದ ಮೇಲೆ, ಇಳಕಲ್ ಸೀರೆಯ ಸೆರಗು ತಲೆಯ ಮೇಲೆಳೆದುಕೊಂಡು, ದರ್ಬಾರು ನಡೆಸುತ್ತಿದ್ದಳು. ಅವಳ ಎದುರು ಇನ್ನೂ ಊಟವಾಗದ ಇನ್ನೊಬ್ಬ ಕಡಲ್ಗಳ್ಳ ನಿಂತು ಏಳರ ಮಗ್ಗಿ ಒಪ್ಪಿಸುತ್ತಿದ್ದ. ಸುಮ್ಮನೆ ಕೈಯೊಡ್ಡಿದವರಿಗೆ ಅವಳು ಏನೂ ಕೊಡುತ್ತಿರಲಿಲ್ಲ. ವೇಷಗಾರ ಅಂದ ಮೇಲೆ ಪದ ಹಾಡಬೇಕು, ಮಾತು ಹೇಳಬೇಕು! ಕಣ್ಣು, ಕೈ ಮತ್ತು ಅಪ್ಪಟ ನವಲಗುಂದದ ಕನ್ನಡದಲ್ಲಿ ಅವಳು ಹೇಳಿದ್ದು ಕೆನಡಾದ ಮಕ್ಕಳಿಗೆ ಹೇಗೋ ತಿಳಿದಿತ್ತು. ಏಳೇಳ್ಲೆ ನಲವತ್ತೊಂಬತ್ತಕ್ಕೆ ಅವಳು ಕೈಯೆತ್ತಿ, "ಭೇಷ್! ಹೋಗು, ಕುಂದ್ರು," ಎಂದಳು. ಕಡಲ್ಗಳ್ಳ ಹೋಗಿ ಕುಳಿತ.

"ಅವ್ವಾ!" ನಿಜಗುಣ ಕಿರುಚಿದ. "ಬರೇ ಚಾಕಲೇಟ ಹಾಕು ಅಂದಿದ್ನಿ!"

"ಸಣ್ಣ ಸಣ್ಣ ಕೂಸು ಥಂಡ್ಯಾಗ ನಡಗಕೋತ ಬಾಗಲಿಗೆ ಬಂದ್ರ, ಒಂದ ಪೆಪ್ಪರಮಿಂಟ್ ಒಗದು ಬಾಗಲಾ ಹಾಕ್ಲೇನು? ನನ್ನ ಮಾರಿ ಎಲ್ಲಿ ಇಟ್ಕೊಳ್ಳಿ? ಹೆಂಗ ತಿಳೀತೈತಿ ಹಂಗ ಮಾಡಂದಿ, ಮಾಡಿದೆ."

ಆಗ ನಿಜಗುಣ ಮೇಜಿನ ಕಡೆ ತಿರುಗಿದ. ಕಪ್ಪು ಬಟ್ಟೆ ಇತ್ತು. ಅದರ ಮೇಲೆ ಖಾಲಿ ತಟ್ಟೆಗಳಿದ್ದವು. ಭೀತಿ ಇಲಾಖೆ ಇದ್ದ ಕುರುಹೇ ಇರಲಿಲ್ಲ.

"ನನ್ನ ಹೆಣಾ ಎಲ್ಲವ್ವಾ?"

"ಬಿಚ್ಚಿ ಬಡಿಸಿದೆ. ಬ್ಯಾಂಡೇಜ್ ಸುತ್ತಿದ ಬದನೀಕಾಯಿ ಹೆಂಗ ಬಡಸ್ತಿ? ದವಾಖಾನಿ ಊಟ ಅಂತಾರ."

"ಬೆರಳು?"

"ಮುರದು ಸಾರಿನ್ಯಾಗ ಹಾಕಿದೆ. ಉಗುರು ಎಲ್ಲಾ ತಗದೀನಿ. ಊಟದಾಗ ಉಗುರು ಬಂದ್ರ ನಮ್ಮ ಮನಿತನದ ಹೆಸರು ಏನಾಗಬೇಕು?"

"ಗೋರಿ?"

"ಮಲಗಿಸಿ ಕೊತ್ತಂಬ್ರಿ ಉದುರಿಸಿದೆ."

"ಮಿದುಳು?"

"ಅದು ಹೂಕೋಸೋ ತಮ್ಮಾ. ಪಲ್ಯಾ ಮಾಡಿದೆ."

ಒಂದು ವಾರದ ಡ್ರಾಯಿಂಗು, ಅಳತೆ, ಟೂತ್‌ಪಿಕ್ಕು, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು! ಚನ್ನಬಸವ್ವ ಅವನ ಸುಡುಗಾಡನ್ನು ಸದ್ದಿಲ್ಲದೆ ರಿಪೇರಿ ಮಾಡಿ, ಎಡಕ್ಕೆ ಚಟ್ನಿ, ಬಲಕ್ಕೆ ಪಲ್ಯ, ನಡುವೆ ಎಣ್ಣೆಗಾಯಿ, ಹೀಗೆ ಕ್ರಮವಾಗಿ ನವಲಗುಂದದ ಮದುವೆ ಊಟವಾಗಿ ಬಡಿಸಿಬಿಟ್ಟಿದ್ದಳು. ಫ್ರಿಜ್ಜಿನಲ್ಲಿದ್ದ ರಿಜೆಕ್ಟ್ ಮಾಲನ್ನೂ ಬಿಟ್ಟಿರಲಿಲ್ಲ. ಅದೆಲ್ಲವೂ ಪಾಸಾಗಿ ಎರಡು ಪಂಕ್ತಿಯ ಹೊಟ್ಟೆ ಸೇರಿತ್ತು. ಅಸ್ಥಿಪಂಜರವೊಂದು ಬೆರಳು ನೆಕ್ಕುತ್ತ ಇನ್ನೂ ಸ್ವಲ್ಪ ಬೇಕೆಂದು ತಟ್ಟೆ ಎತ್ತಿ ತೋರಿಸಿತು. ಸತ್ಯಪ್ರಕಾಶರು ಖಾಲಿ ಪಾತ್ರೆ ಮಗುಚಿ ತೋರಿಸಿದರು.

ನಿಜಗುಣನ ಹಿಂದೆ ಮೂವರು ನ್ಯಾಯಾಧೀಶರು ನಿಂತಿದ್ದರು. ಸಂಜನಾ ತನ್ನ ಕ್ಲಾಸಿನ ಅರ್ಧ ಮಕ್ಕಳನ್ನು ತನ್ನ ಮನೆಯ ನೆಲದ ಮೇಲೆ ಕಂಡಳು. ಆಮೇಲೆ ಮೇಜು ನೋಡಿದಳು. ಆಮೇಲೆ ಅಪ್ಪನನ್ನು.

"ಅಪ್ಪಾ, ವೇರ್ ಈಸ್ ದ ಸ್ಕೇರಿ ಡಿನ್ನರ್?"

ಅವನಿಗೆ ಅಳು ಬರುವುದೊಂದು ಬಾಕಿ. ಮುಂದಿನ ಹತ್ತು ವರ್ಷದ ಹ್ಯಾಲೊವೀನ್ ಊಟಗಳು ಸಾಲಾಗಿ ಲಿಂಡಾಳ ಮನೆಗೆ ನಡೆದು ಹೋಗುವುದು ಕಣ್ಣಿಗೆ ಕಟ್ಟಿತು.

ಇಷ್ಟರಲ್ಲಿ ನೀಲಾಂಬಿಕಾ ಬಂದಳು. ಹನ್ನೆರಡು ಗಂಟೆ ನಿಂತು ದುಡಿದವಳು. ಬೂಟಿನ ಗುಡ್ಡ ನೋಡಿದಳು, ಪಂಕ್ತಿ ನೋಡಿದಳು, ಗಂಡನ ಮುಖ ನೋಡಿದಳು. ಏನಾಯಿತೆಂದು ಕೇಳಲು ಸಮಯವೇ ಇರಲಿಲ್ಲ, ಯಾಕೆಂದರೆ ಅತ್ತೆ ಕೂಗಿದಳು: "ನೀಲಾ, ಭಾಳ ಛಲೋ ಆತು ಬಂದಿ. ಈ ಹೆಣ್ಣಮಕ್ಕಳು ಹೊಂಟಾರ. ಮನಿಗೆ ಬಂದ ಮುತ್ತೈದೇರನ್ನ ಬರೀ ಉಡೀಲೆ ಕಳಸೂದೇನು? ಕುಂಕುಮದ ಬಟ್ಟಲ ತಾ."

ಮಕ್ಕಳನ್ನು ಕರೆದೊಯ್ಯಲು ಬಂದಿದ್ದ ತಾಯಂದಿರನ್ನೆಲ್ಲ ಚನ್ನಬಸವ್ವ ಸಾಲಾಗಿ ನಿಲ್ಲಿಸಿದಳು. ತೆಂಗಿನಕಾಯಿ ಇರಲಿಲ್ಲ, ಕುಪ್ಪಸದ ಖಣ ಇರಲಿಲ್ಲ. ಚಾಕಲೇಟಿನ ಬುಟ್ಟಿ ಮಾತ್ರ ಮುಟ್ಟದೆ ಹಾಗೇ ಇತ್ತು. ಅಕ್ಕಿಯ ಜೊತೆ ಅದರಿಂದಲೇ ಉಡಿ ತುಂಬತೊಡಗಿದಳು. ಜೀನ್ಸ್ ತೊಟ್ಟ ಹೆಂಗಸರು ಜಾಕೆಟ್ಟಿನ ಅಂಚು ಹಿಡಿದು ಭಕ್ತಿಯಿಂದ ಒಡ್ಡಿದರು.

"ನೀಲಾ, ಸಂಜನಾಗ ಏನರೆ ಮಾಡಿಕೊಡಬೇಕು, ಮೂರೂ ಹಸಗೊಂಡಾವು," ಎಂದು ನಿಜಗುಣ ಪಿಸುಗುಟ್ಟಿದ.

"ಊಟಾ ಮಾಡಾಂವ ನಾನು ಅಂತ ಸೋಫಾ ಹತ್ತಿದವರು ಯಾರು?" ಎಂದು ನೀಲಾಂಬಿಕಾ ಕುಂಕುಮದ ಬಟ್ಟಲೆತ್ತಿಕೊಂಡು ಹೊರಟೇಹೋದಳು. "ಹಿಟ್ಟು ಕೆಳಗಿನ ಡಬ್ಬ್ಯಾಗ ಐತಿ."

ನಿಜಗುಣ ಅಡುಗೆಮನೆಗೆ ಒಬ್ಬನೇ ಹೋದ. ಭೀತಿ ಇಲಾಖೆ ಮುಚ್ಚಿತ್ತು. ಪಂದ್ಯ ಸೋತಾಗಿತ್ತು. ಈಗ ಉಳಿದದ್ದು ಒಂದೇ, ಮಕ್ಕಳ ಹೊಟ್ಟೆ ತುಂಬಬೇಕು. ಹೆದರಿಸುವುದು ಬೇಡ, ನಗಿಸುವುದು ಬೇಡ, ನಾಲ್ಕು ಬಿಸಿ ಚಪಾತಿ, ಒಂದಿಷ್ಟು ಬಟಾಟೆ ಪಲ್ಯ, ಮೇಲೆ ತುಪ್ಪ. ಮಗಳಿಗೆ ಮನಸಾರೆ ಮಾಡಿ ಬಡಿಸೋಣ ಎಂದು ತೋಳು ಮಡಚಿದ.

ಹಿಟ್ಟಿಗೆ ನೀರು ಹಾಕಿದ. ನೀರು ಜಾಸ್ತಿಯಾಯಿತು. ಹಿಟ್ಟು ಹಾಕಿದ. ಹಿಟ್ಟು ಜಾಸ್ತಿಯಾಯಿತು. ಮೂರು ಸಲ ಹೀಗಾದ ಮೇಲೆ ಹಿಟ್ಟಿಗೂ ಅವನಿಗೂ ಬೇಸರ ಬಂದು ರಾಜಿಯಾಯಿತು. ಲಟ್ಟಿಸಿದ್ದು ಮಣೆಗೆ ಅಂಟಿತು. ಚಾಕುವಿನಿಂದ ಕೆರೆದು ಎಬ್ಬಿಸಿ ಕಾವಲಿಗೆ ಹಾಕಿದ. ನಡುವೆ ಕರಕಲಾಯಿತು, ಅಂಚು ಹಸಿಯಾಗಿಯೇ ಉಳಿಯಿತು, ಅಲ್ಲಲ್ಲಿ ಬೊಬ್ಬೆ ಎದ್ದು ಒಡೆಯಿತು. ಬಟಾಟೆಯನ್ನು ಅವಸರದಲ್ಲಿ ಬೀಟ್‌ರೂಟ್ ಬೇಯಿಸಿದ ಪಾತ್ರೆಯಲ್ಲೇ, ಅದರಲ್ಲಿ ಉಳಿದ ನೀರಿನಲ್ಲೇ ಬೇಯಿಸಿಬಿಟ್ಟಿದ್ದ. ಹಾಗಾಗಿ ಪಲ್ಯಕ್ಕೆ ಹಸಿಮಾಂಸದ ಬಣ್ಣ ಬಂತು. ಇರಲಿ, ರುಚಿಯಿದ್ದರೆ ಸಾಕು ಎಂದುಕೊಂಡ. ಉಪ್ಪು ಹಾಕಿದ್ದನೋ ಇಲ್ಲವೋ ನೆನಪಾಗದೆ ಇನ್ನೊಮ್ಮೆ ಹಾಕಿದ. ಕೊನೆಗೆ ಪ್ರತಿಯೊಂದರ ಮೇಲೂ ಪ್ರೀತಿಯಿಂದ ಒಂದು ಚಮಚ ತುಪ್ಪ ಸುರಿದ.

ತಟ್ಟೆಗಳನ್ನು ತಂದು ಮೂವರ ಮುಂದಿಟ್ಟು, "ಸಾರಿ ಪುಟ್ಟಿ, ಇದ ಆತು ನೋಡು," ಎಂದ.

ಮೂವರೂ ತಟ್ಟೆಯನ್ನೇ ನೋಡಿದರು. ಯಾರೂ ಕೈ ಹಾಕಲಿಲ್ಲ. ಮೇಗನ್ ನಿಧಾನವಾಗಿ ಚಪಾತಿಯ ಒಂದು ತುದಿ ಹಿಡಿದು ಎತ್ತಿದಳು. ಅದು ಉದ್ದಕ್ಕೆ ಎಳೆದುಕೊಂಡು ಬಂದು, ನಡುವೆ ಹರಿದು, ತುಪ್ಪ ಸುರಿಸುತ್ತ ಜೋತುಬಿತ್ತು.

ಇದು ಚರ್ಮವಾ ಎಂದು ಅವಳು ಉಸಿರು ಬಿಗಿಹಿಡಿದು ಕೇಳಿದಳು.

"ಇಲ್ಲಿ ನೋಡು, ಸುಟ್ಟ ಗಾಯ! ಕೀವು ಬೇರೆ!" ಎಂದು ರೋಬೋ ಎದ್ದು ನಿಂತಿತು.

ಸಂಜನಾ ಗುಲಾಬಿ ಬಣ್ಣದ ಬಟಾಟೆಯನ್ನು ಚಮಚದಿಂದ ಒತ್ತಿದಳು. ಅದು ಪಚಕ್ಕೆಂದಿತು. ಅವಳ ಕಣ್ಣು ತಟ್ಟೆಯಷ್ಟೇ ಅಗಲವಾದವು. "ಅಪ್ಪಾ! ಯಕ್! ದಿಸ್ ಈಸ್ ಸೋ ಗ್ರಾಸ್!"

ಅಸಹ್ಯ ಎಂಬುದು ಮೂರನೇ ಗ್ರೇಡಿನ ಭಾಷೆಯಲ್ಲಿ ಪರಮವೀರ ಚಕ್ರ. ಮೂವರೂ ಕಿರುಚಿದರು. ಮೇಜಿನ ಸುತ್ತ ಓಡಿದರು. ಹೊರಡಲಿದ್ದ ಮಕ್ಕಳು ಉಡಿ ಹಿಡಿದ ತಾಯಂದಿರನ್ನು ಬಿಟ್ಟು ವಾಪಸು ಬಂದು ಸುತ್ತುಗಟ್ಟಿ ನೋಡಿದವು. ಕೆಂಪು ಸೈತಾನ ಒಂದು ತುಣುಕು ಮುಟ್ಟಿ ನೋಡಿ ತಾಯಿಯ ಹಿಂದೆ ಅಡಗಿದ. ಲಿಂಡಾಳ ಕರುಳು, ಕಣ್ಣುಗುಡ್ಡೆ ಇದರ ಮುಂದೆ ಏನೇನೂ ಅಲ್ಲ ಎಂದು ಸ್ವತಃ ಮೇಗನ್ ತೀರ್ಪು ಕೊಟ್ಟಳು. ಸಂಜನಾ ಅಪ್ಪನ ಸೊಂಟ ತಬ್ಬಿಕೊಂಡಳು. "ಯು ವಿನ್, ಅಪ್ಪಾ! ಎವ್ರಿ ಇಯರ್ ನಮ್ಮ ಮನಿ! ಹೌ ಡಿಡ್ ಯು ಮೇಕ್ ಇಟ್ ಸೋ ರಿಯಲ್?"

ನಿಜಗುಣ ಹೆಂಡತಿಯ ಕಡೆ ನೋಡಿದ. ನೀಲಾಂಬಿಕಾ ಶಿಫ್ಟಿನ ಸ್ವೆಟರಿನ ತೋಳನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ತಿರುಗಿದ್ದಳು. ಬೆನ್ನು ಕುಲುಕುತ್ತಿತ್ತು.

"ಅದು... ಅದಕ್ಕೊಂದು ಟೆಕ್ನಿಕ್ ಐತಿ ಪುಟ್ಟಿ," ಎಂದ.

ಚನ್ನಬಸವ್ವ ಬಂದು ಕನ್ನಡಕ ಸರಿಮಾಡಿಕೊಂಡು ತಟ್ಟೆಯ ಮೇಲೆ ಬಗ್ಗಿದಳು. ಬಹಳ ಹೊತ್ತು ನೋಡಿದಳು. "ಉಳಿದದ್ದೆಲ್ಲಾ ಹೆಂಗೋ ರಿಪೇರಿ ಮಾಡಿದೆ," ಎಂದಳು. "ಇದು ನನ್ನ ಕೈಲೆ ಆಗೂದಿಲ್ಲ."

ಆದರೂ ಗೆಲುವು ಗೆಲುವೇ. ನಿಜಗುಣ ಆ ರಾತ್ರಿ ಎದೆಯುಬ್ಬಿಸಿಯೇ ಮಲಗಿದ. ಮೇಗನ್ ಒಂದು ಚಪಾತಿಯನ್ನು ಅಮ್ಮನಿಗೆ ತೋರಿಸಲು ಫಾಯಿಲಿನಲ್ಲಿ ಸುತ್ತಿಕೊಂಡು ಹೋಗಿದ್ದಳು.

ಮರುದಿನ ಬೆಳಿಗ್ಗೆ ಫೋನು ಬಂತು. ಲಿಂಡಾ! ಮೂರು ವರ್ಷ ಹ್ಯಾಲೊವೀನ್ ಆಳಿದ ರಾಣಿ ಸೋಲೊಪ್ಪಿಕೊಂಡು ರೆಸಿಪಿ ಕೇಳುತ್ತಿದ್ದಳು. ನಿಜಗುಣ ಗಂಟಲು ಸರಿಮಾಡಿಕೊಂಡ.

ಮುಖ್ಯವಾಗಿ ಏನು ಬಳಸಿದಿರಿ ಎಂದಳು ಲಿಂಡಾ.

ಗೋಧಿ ಹಿಟ್ಟು, ನೀರು, ಉಪ್ಪು ಎಂದ.

ಅದು ಸರಿ, ಆ ಗಾಯಗಳನ್ನು ಹೇಗೆ ಮಾಡಿದಿರಿ?

ಮಾಡಲಿಲ್ಲ. ತಾವಾಗೇ ಬಂದವು.

ಆ ಸುಲಿದ ಚರ್ಮ?

ಅದೂ ತಾನಾಗೇ.

ಹಾಗಾದರೆ ನೀವು ಏನು ಮಾಡಲು ಹೊರಟಿದ್ದಿರಿ ಎಂದು ಲಿಂಡಾ ಮೆಲ್ಲಗೆ ಕೇಳಿದಳು. ಸುಳ್ಳು ಹೇಳಬಹುದಿತ್ತು. ಆದರೆ ಕ್ವಾಲಿಟಿ ಇನ್ಸ್‌ಪೆಕ್ಟರಿಗೆ ರಿಪೋರ್ಟು ತಿದ್ದುವ ಅಭ್ಯಾಸವಿಲ್ಲ.

"ಚಪಾತಿ," ಎಂದ ನಿಜಗುಣ. "ಮಗಳ ಊಟಕ್ಕೆ."

"ಓ," ಎಂದಳು ಲಿಂಡಾ. "ಐ ಆಮ್ ಸೋ ಸಾರಿ."

ಕೆನಡಾದಲ್ಲಿ ಜನ ಕಾಲು ತುಳಿಸಿಕೊಂಡರೂ ತಾವೇ ಸಾರಿ ಎನ್ನುತ್ತಾರೆ. ಅದನ್ನು ನಿಜಗುಣ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಇದು ಆ ಸಾರಿ ಅಲ್ಲ, ಸಾವಾದ ಮನೆಯಲ್ಲಿ ಕೈ ಹಿಡಿದು ಹೇಳುವ ಸಾರಿ.

ಭಾನುವಾರ ಸಂಜೆ ಗಂಟೆ ಸದ್ದಾಯಿತು. ಬಾಗಿಲಲ್ಲಿ ಲಿಂಡಾ, ಕೈಯಲ್ಲಿ ಫಾಯಿಲ್ ಮುಚ್ಚಿದ ದೊಡ್ಡ ಗಾಜಿನ ಪಾತ್ರೆ. ಬಿಸಿ ಬಿಸಿ ಲಸಾನಿಯಾ, ಪದರ ಪದರದ ಪಾಸ್ತಾ, ಮಾಂಸವಿಲ್ಲದ್ದು. ನಿಜಗುಣನ ತೋಳನ್ನು ಒಮ್ಮೆ ಮೆತ್ತಗೆ ತಟ್ಟಿ, ಹೆಚ್ಚು ಮಾತಾಡದೆ ಹೊರಟುಹೋದಳು. ಪಾತ್ರೆಗೆ ಒಂದು ಚೀಟಿ ಅಂಟಿಸಿತ್ತು. ನೀಲಾಂಬಿಕಾ ಓದಿ ಹೇಳಿದಳು:

"ನಿಮ್ಮ ಅವ್ವ ಊರಿಗೆ ಹೋದ ಮ್ಯಾಲೆ, ನನಗ ಸಂಜೀ ಶಿಫ್ಟ್ ಇದ್ದ ದಿನಾ ಸಂಜನಾ ಏನು ಉಣ್ಣತಾಳೋ ಅಂತ ಆಕಿಗೆ ನಿದ್ದಿ ಬರಲಿಲ್ಲಂತ. ಅದಕ್ಕ ಇನ್ನ ಮ್ಯಾಲೆ ವಾರಕ್ಕ ಎರಡು ಸಲ ಆಕಿನ ಊಟಾ ಕಳಸ್ತಾಳಂತ. ನಾವು ಸಂಕೋಚ ಮಾಡ್ಕೋಬಾರ್ದಂತ."

ಸಂಜನಾ ಕುರ್ಚಿಯಿಂದ ಹಾರಿ ಇಳಿದಳು.

"ಅಪ್ಪಾ! ಇನ್ನ ಮ್ಯಾಲೆ ಮೇಗನ್ ಮನಿ ಡಿನ್ನರ್ ನಮ್ಮ ಮನಿಗೇ ಬರ್ತೈತಿ! ವರ್ಷಕ್ಕ ಒನ್ಸ್ ಅಲ್ಲ, ಎವ್ರಿ ವೀಕ್! ಯು ಆರ್ ಎ ಜೀನಿಯಸ್!"

ನಿಜಗುಣ ಏನಾದರೂ ಹೇಳಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ನೀಲಾಂಬಿಕಾ ಅವನ ತಟ್ಟೆಗೆ ಒಂದು ತುಂಡು ಹಾಕಿದಳು. ತಿಂದ. ತುಂಬಾ ಚೆನ್ನಾಗಿತ್ತು. ತಲೆ ಎತ್ತದೆ, ಯಾರ ಮುಖವನ್ನೂ ನೋಡದೆ, ಇನ್ನೊಂದು ತುಂಡಿಗೆ ತಟ್ಟೆಯನ್ನು ಮುಂದಕ್ಕೆ ನೂಕಿದ.